ಮೂಡಣ ಗೋಡೆಯ ಮಾಡ

ನನ್ನ ಯಜಮಾನರು ತೀರಿಹೋದ ಮೇಲೆ ಬಂದ ಮೊದಲ ಚಳಿಗಾಲದಲ್ಲಿ ಮೇಲವಂಕಿಯಿಂದ ಇಬ್ಬರು ಹುಡುಗರು ಒಂದೇ ಸೈಕಲ್ಲಿನ ಮೇಲೆ ಮೂಡಲಗಿಯ ನಮ್ಮ ಮನೆಗೆ ಬಂದರು. ಹುಡುಗರು ಅಂದೆ, ಆದರೆ ಇಬ್ಬರಿಗೂ ಮೀಸೆ ಬಂದಿತ್ತು. ನನ್ನ ಕಣ್ಣಿಗೆ ಮಾತ್ರ ಅವರು ಇನ್ನೂ ಪಾಟಿ ಬಳಪ ಹಿಡಿದವರೇ. ಒಬ್ಬ ಊರ ಗೌಡರ ಕಿರಿಯ ಮಗ. ಇನ್ನೊಬ್ಬ ಊರ ಹೊರಗಿನ ಕೇರಿಯ ಅಜ್ಜನ ಮೊಮ್ಮಗ, ಗೋಕಾಕದ ಕಚೇರಿಯೊಂದರಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಚಪ್ಪಲಿ ಬಿಟ್ಟು ಒಳಗೆ ಬಂದು ಚಾಪೆಯ ಮೇಲೆ ಕೂತರು. ನಾನು ಚಹಾ ಇಟ್ಟೆ.

ಗೌಡರ ಮಗ ಚಹಾದ ಬಸಿ ಕೆಳಗಿಟ್ಟು ಹೇಳಿದ. "ಅವ್ವಾರ, ಗುರುಗಳದೊಂದು ಫೋಟೋ ಬೇಕಾಗಿತ್ರಿ."

"ಯಾಕಪ್ಪಾ?"

"ಸಾಲ್ಯಾಗ ಇಡಾಕ್ರಿ. ಆ ಮೂಡಣ ಗ್ವಾಡ್ಯಾಗ ಕಿಂಡಿ ಐತೆಲ್ರಿ, ಅದನ್ನ ಹಿಂದಿನಿಂದ ಕಲ್ಲು ಹಾಕಿಸಿ ಮುಚ್ಚತೇವಿ. ಮುಂದ ಗೂಡಿನಂಗ ಮಾಡ ಉಳೀತೈತಿ. ಅದರಾಗ ಗುರುಗಳ ಫೋಟೋ ಇಟ್ಟು, ದಿನಾ ಒಂದು ಹೂವು, ಒಂದು ಊದಿನಕಡ್ಡಿ."

"ದೀಪಾನೂ ಹಚ್ಚತೇವ್ರಿ," ಎಂದ ಇನ್ನೊಬ್ಬ. "ಊರಾಗ ಎಲ್ಲಾರೂ ಹೂಂ ಅಂದಾರ. ನಮ್ಮ ಕೇರ್ಯಾಗೂ ಅಂದಾರ. ಫೋಟೋ ಗೋಕಾಕದಾಗ ದೊಡ್ಡದು ಮಾಡಿಸಿ, ನಿಮ್ಮದು ನಿಮಗ ತಂದು ಕೊಡತೇವ್ರಿ."

ಅವರದು ಒಂದೇ ಒಂದು ಫೋಟೋ ಇದೆ. ಮಾಸ್ತರಿಕೆಯ ಟ್ರೇನಿಂಗಿಗೆ ಹೋಗುವ ಮುಂಚೆ ಗೋಕಾಕದಲ್ಲಿ ತೆಗೆಸಿದ್ದು. ಕರಿ ಟೋಪಿ, ಮುಚ್ಚಿದ ಕೋಟು, ಪಕ್ಕದ ಕುರ್ಚಿಯ ಮೇಲೆ ಒಂದು ಕೈ. ಫೋಟೋದವನು "ನಗಬ್ಯಾಡ್ರಿ" ಅಂದಿದ್ದನಂತೆ. ಆ ಮಾತಿಗೇ ನಗು ಬಂದು, ಅದನ್ನು ತಡೆದ ಮುಖ ಅದರಲ್ಲಿ ಹಾಗೇ ಉಳಿದಿದೆ. ಅವರು ಹೋದ ಮೇಲೆ ನಾನು ಆ ಮುಖವನ್ನು ನೋಡದ ದಿನವಿಲ್ಲ. ಸಾಲಿಯ ಗೋಡೆಯಲ್ಲಿ ಆ ಮುಖ, ಅದರ ಮುಂದೆ ದೀಪ, ಎದುರಿಗೆ ಮಕ್ಕಳು. ಕಣ್ಣ ಮುಂದೆ ಬಂದೇಬಿಟ್ಟಿತು. ಕೊಡುತ್ತೇನೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಬಸಿಗಳನ್ನು ಎತ್ತಿಕೊಂಡು ಅಡಿಗೆಮನೆಗೆ ಹೋದೆ. ಅವನ್ನು ತೊಳೆದಿಟ್ಟೆ.

ಹೊರಗೆ ಬಂದು, "ಒಮ್ಮೆ ಸಾಲಿ ನೋಡಿ ಹೇಳತೇನಿ," ಅಂದೆ. "ಬರೂ ಸೋಮವಾರ ಬರತೇನಿ. ಫೋಟೋ ತಗೊಂಡ ಬರತೇನಿ."

ಅವರು ಸಂತೋಷದಿಂದ ಹೋದರು. ನನಗೆ ಮಾತ್ರ ಆ ವಾರ ನಿದ್ದೆ ಹತ್ತಲಿಲ್ಲ. ಆ ಕಿಂಡಿಯನ್ನು ತೆರೆಸಿದವರು ನನ್ನ ಗಂಡ. ಯಾಕೆ ತೆರೆಸಿದರು ಎಂಬುದು ಆ ಇಬ್ಬರಿಗೂ ಅರ್ಧವೇ ಗೊತ್ತು. ಆಗ ಅವರು ತೀರ ಸಣ್ಣವರು.

*

ನನ್ನ ತವರು ಹುಕ್ಕೇರಿ. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಸ್ವಾತಂತ್ರ್ಯ ಬಂದ ಮರುವರ್ಷ ನನ್ನ ಮದುವೆಯಾಯಿತು. ಅವರು ಪ್ರಾಥಮಿಕ ಸಾಲಿಯ ಮಾಸ್ತರರು. ಎರಡು ಮೂರು ಊರು ತಿರುಗಿ ಮೇಲವಂಕಿಗೆ ಬಂದೆವು. ನಮಗೆ ಮಕ್ಕಳಾಗಲಿಲ್ಲ. ಅವರ ಸಾಲಿಯ ಮಕ್ಕಳ ಮಾತೇ ನಮ್ಮ ಮನೆಯ ಮಾತು.

ಆಗ ಮೇಲವಂಕಿಯಲ್ಲಿ ಸಾಲಿಗೆ ಸ್ವಂತ ಮನೆ ಇರಲಿಲ್ಲ. ಹಣಮಂತದೇವರ ಗುಡಿಯಲ್ಲೇ ಸಾಲಿ ನಡೆಯುತ್ತಿತ್ತು. ಆ ಕಾಲಕ್ಕೆ ಎಷ್ಟೋ ಊರುಗಳಲ್ಲಿ ಹಾಗೆಯೇ. ಬೆಳಗಿನ ಪೂಜೆ ಮುಗಿಸಿ ಪೂಜಾರಿ ಹೊರಗೆ ಬಂದರೆ, ಕಪ್ಪು ಹಲಗೆ ಹೊತ್ತುಕೊಂಡು ಮಾಸ್ತರರು ಒಳಗೆ ಹೋಗಬೇಕು. ಊರ ಮಕ್ಕಳು ಒಳಗೆ, ಕಂಬಗಳ ನಡುವೆ ಕೂಡುತ್ತಿದ್ದರು. ಕೇರಿಯ ಮಕ್ಕಳು ಹೊರಗೆ, ಬೇವಿನ ಗಿಡದ ಕೆಳಗಿನ ಕಟ್ಟೆಯ ಮೇಲೆ. ಗುಡಿಯೊಳಗೆ ಅವರಿಗೆ ಪ್ರವೇಶ ಇರಲಿಲ್ಲ. ಇವರು ಹೊಸ್ತಿಲ ಮೇಲೆ ನಿಂತು ಕಲಿಸುತ್ತಿದ್ದರು. ಒಂದು ಸಲ ಒಳಗೆ ಮುಖ, ಒಂದು ಸಲ ಹೊರಗೆ ಮುಖ. ಮಗ್ಗಿ ಹೇಳಿಸುವಾಗ ಒಳಗಿನವರದು ಮುಗಿದು ಹೊರಗಿನವರದು ಇನ್ನೂ ನಡೆದಿರುತ್ತಿತ್ತು. ನೀರು ತರಲು ಬಾವಿಗೆ ಹೋಗುವಾಗ ನಾನು ಎಷ್ಟೋ ಸಲ ಅದನ್ನು ಕೇಳಿದ್ದೇನೆ.

ಮಳೆ ಬಂದರೆ ಹೊರಗಿನವರಿಗೆ ಸೂಟಿ. ಅಂಥ ದಿನ ಇವರು ಮನೆಗೆ ಬಂದು ಸುಮ್ಮನೆ ಉಣ್ಣುತ್ತಿದ್ದರು. ಏನಾಯಿತೆಂದು ನಾನು ಕೇಳುತ್ತಿರಲಿಲ್ಲ. ಒಮ್ಮೆ ಮಾತ್ರ, "ಪಾಟಿ ಮ್ಯಾಲಿನ ಅಕ್ಷರ ತೊಳಕೊಂಡು ಹೋದ್ವು," ಅಂದರು. ಯಾರ ಪಾಟಿ ಎಂದು ನಾನು ಕೇಳಬೇಕಾಗಿರಲಿಲ್ಲ.

ಅವರಿಗೆ ಒಂದೇ ಆಸೆ ಇತ್ತು. ಸಾಲಿಗೊಂದು ಸರಕಾರದ ಮನೆ ಆಗಬೇಕು. "ಗುಡಿ ದೇವರ ಮನಿ. ಅಲ್ಲಿ ಯಾರನ್ನ ಒಳಗ ಕರೀಬೇಕು, ಯಾರನ್ನ ಬಿಡಬೇಕು ಅನ್ನಾಕ ನಾ ಯಾಂವ?" ಅನ್ನುತ್ತಿದ್ದರು. "ಸರಕಾರದ ಮನಿ ಹಂಗಲ್ಲ. ಅದಕ್ಕ ಎಲ್ಲಾರೂ ಮಾಲಕರ."

ಮುಂಬಯಿ ರಾಜ್ಯ ಹೋಗಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಸಾಲಿಯ ಮನೆ ಮಂಜೂರಾಯಿತು. ಹಂಚು, ಕಟ್ಟಿಗೆ ಸರಕಾರದ್ದು. ಕಲ್ಲು, ಮಣ್ಣು, ದುಡಿಮೆ ಊರಿನದು. ಗೌಡರು ತಮ್ಮ ಚಕ್ಕಡಿಗಳನ್ನು ಬಿಟ್ಟರು. ಗೌಡರು ದೊಡ್ಡ ದನಿಯ, ದೊಡ್ಡ ಮನಸ್ಸಿನ ಮನುಷ್ಯ. ಬೇಗ ಸಿಟ್ಟಿಗೇಳುತ್ತಿದ್ದರು, ಬೇಗ ನಗುತ್ತಿದ್ದರು. ಕೇರಿಯವರು ಕಲ್ಲು ಹೊತ್ತರು. ಅವರಿಗೆ ಮುಂದಾಳು ಆ ಕೇರಿಯ ಅಜ್ಜ. ತೆಳ್ಳಗೆ, ಎತ್ತರಕ್ಕೆ. ಮೊಮ್ಮಕ್ಕಳನ್ನು ಸಾಲಿಗೆ ಹಾಕಲೇಬೇಕೆಂದು ಹಟ ಹಿಡಿದವನು. ಗೋಡೆ ಕಟ್ಟಲು ನಮ್ಮ ತವರಿನ ಕಡೆಯ ದಡ್ಡಿ ಎಂಬ ಊರಿನಿಂದ ಒಬ್ಬ ಗೌಂಡಿ ಬಂದ.

ಗೋಡೆ ಆಳೆತ್ತರ ದಾಟಿದ ಮೇಲೆ ಒಂದು ಸಂಜೆ ಇವರು ನೋಡಲು ಹೋದರೆ, ಮೂಡಣ ಗೋಡೆಯಲ್ಲಿ ನಟ್ಟನಡುವೆ ಒಂದು ಮಾಡ ಇತ್ತು. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಗೋಡೆಯೊಳಗೆ ಗೂಡಿನ ಹಾಗೆ ಬಿಟ್ಟಿರುತ್ತಾರಲ್ಲ, ದೇವರನ್ನೋ ದೀಪವನ್ನೋ ಇಡಲು, ಅದು. ಮೇಲೆ ಕಮಾನು ಬೇರೆ ತಿದ್ದಿದ್ದ. ಇವರು ಮನೆಗೆ ಬಂದು ಆ ಮಾತುಕತೆಯನ್ನು ಗೌಂಡಿಯ ದನಿಯಲ್ಲೇ ಹೇಳಿ ನಗಿಸಿದರು.

"ಇದೇನೋ ಇದು?"

"ಮಾಡ ಅಲ್ರೀ ಮಾಸ್ತರ."

"ನಾ ಹೇಳಿರಲಿಲ್ಲಲ್ಲ?"

"ಇದನ್ನೂ ಹೇಳಬೇಕೇನ್ರಿ? ಬಾಗಲಾ ಇಡು ಅಂತ ಹೇಳಿದ್ರೇನು? ಮೂಡಣ ಗ್ವಾಡಿಗೆ ದೇವರ ಮಾಡ ಇಡದ ನಾ ಈ ಕೈಲೆ ಒಂದು ಗ್ವಾಡೀನೂ ಎಬ್ಬಿಸಿಲ್ರಿ. ದನದ ಮನಿಗೂ ಒಂದು ದೀಪದ ಮಾಡ ಬಿಟ್ಟಿರತೇನಿ. ನಿಮ್ಮ ಸಾಲಿ ದನದ ಮನಿಕಿಂತ ಕಡಿಮೀನ?"

ಇವರೂ ನಕ್ಕು ಬಿಟ್ಟಿದ್ದರು. ನಾನೂ, ಒಳ್ಳೆಯದೇ ಆಯಿತಲ್ಲ, ಸರಸ್ವತಿಯನ್ನು ಇಡಲು ಜಾಗವಾಯಿತು ಅಂದೆ.

ಸಾಲಿಯ ಮನೆ ಪ್ರವೇಶದ ದಿನ ಗೌಡರು ಅದೇ ಕೆಲಸ ಮಾಡಿದರು. ಗೋಕಾಕದ ಚಿತ್ರಗಾರರು ಕಟ್ಟಿಗೆಯಲ್ಲಿ ದೇವರುಗಳನ್ನೂ ಹಣ್ಣುಗಳನ್ನೂ ಮಾಡಿ ಬಣ್ಣ ಬಳಿಯುತ್ತಾರೆ. ಅವರಿಂದ ಒಂದು ಗೇಣುದ್ದದ ಸರಸ್ವತಿಯನ್ನು ಮಾಡಿಸಿ ತಂದಿದ್ದರು. ಹಸಿರು ಸೀರೆ, ಕೈಯಲ್ಲಿ ವೀಣೆ, ಕಣ್ಣು ಸ್ವಲ್ಪ ದೊಡ್ಡವು. ಮಾಡದಲ್ಲಿ ಅಳೆದಿಟ್ಟ ಹಾಗೆ ಕೂತಳು. ಕಾಯಿ ಒಡೆದರು. ದೀಪ ಹಚ್ಚಿದವಳು ನಾನೇ. ಎಲ್ಲರೂ ಕೈ ಮುಗಿದರು. ಕೇರಿಯವರು ಅಂಗಳದಲ್ಲಿ ನಿಂತು ಮುಗಿದರು. ಚುರುಮುರಿ ಬೆಲ್ಲ ಹಂಚಿದರು. ಅಂದು ಎಲ್ಲರ ಮುಖವೂ ಗೆಲುವಾಗಿತ್ತು. ಇವರ ಮುಖವೂ.

ಮರುದಿನ ಸಂಜೆ ಇವರು ಹೆಗಲ ಮೇಲಿನ ಟವೆಲಿನಲ್ಲಿ ಏನನ್ನೋ ಸುತ್ತಿ ಎದೆಗೆ ಅವಚಿಕೊಂಡು ಮನೆಗೆ ಬಂದರು. ಬಿಚ್ಚಿದರೆ ಸರಸ್ವತಿ.

"ಇಕಿನ್ನ ನಮ್ಮ ದೇವರ ಜಗಲಿ ಮ್ಯಾಲ ಕುಂಡ್ರಸು," ಅಂದರು.

ನಾನು ಕೈ ಹಚ್ಚಲಿಲ್ಲ. "ಏನ್ರಿ ಇದು? ಪೂಜಿ ಆದ ದೇವರನ್ನ ಇಟ್ಟಲ್ಲಿಂದ ತಗದ್ರ ಒಳ್ಳೇದಾಗತೈತೇನ್ರಿ?"

ಅವರು ಕೆಳಗೆ ಕೂತು ನಡೆದದ್ದನ್ನು ಹೇಳಿದರು. ಬೆಳಿಗ್ಗೆ ಗಂಟೆ ಹೊಡೆದರು. ಊರ ಮಕ್ಕಳು ಗದ್ದಲ ಮಾಡುತ್ತ ಒಳಗೆ ನುಗ್ಗಿದರು. ಕೇರಿಯ ಮಕ್ಕಳೂ ಬಂದರು. ಬಾಗಿಲ ತನಕ ಬಂದು ಒಳಗೆ ಇಣುಕಿ ನೋಡಿದರು. ಮಾಡದಲ್ಲಿ ದೇವರು, ದೇವರ ಮುಂದೆ ದೀಪ. ಅವರು ಹಿಂದೆ ಸರಿದು, ಹೊರಗಿನ ಗೋಡೆಗೆ ಬೆನ್ನು ಹಚ್ಚಿ, ಗುಡಿಯ ಕಟ್ಟೆಯ ಮೇಲೆ ಯಾವ ಸಾಲಿನಲ್ಲಿ ಕೂಡುತ್ತಿದ್ದರೋ ಅದೇ ಸಾಲಿನಲ್ಲಿ ಕೂತುಬಿಟ್ಟರು. ಇವರು ಹೊರಗೆ ಬಂದು, ಒಳಗ ಬರ್ರಿ, ಇದು ಗುಡಿ ಅಲ್ಲ, ಅಂದರು. ಯಾರೂ ಏಳಲಿಲ್ಲ. ಅಜ್ಜನ ಮೊಮ್ಮಗಳು, ಈಗ ಸೈಕಲ್ಲಿನ ಮೇಲೆ ಬಂದವನ ಅಕ್ಕ, ಗುರುಗಳಿಗೇ ಸಮಾಧಾನ ಹೇಳುವ ಹಾಗೆ, "ಇರ್ಲಿ ಬಿಡ್ರಿ ಗುರುಗಳ, ಒಳಗ ದೇವರದಾಳ. ನಾವು ಇಲ್ಲೇ ಕುಂಡ್ರತೇವಿ. ನಮಗ ಕೇಳಸತೈತಿ," ಅಂದಳಂತೆ.

"ಯಾರೂ ಅವರನ್ನ ಹೊರಗ ಹಾಕಿಲ್ಲ ನೋಡು," ಅಂದರು. ಟವೆಲು ಮಡಚುತ್ತ ಮತ್ತೆ ಅದನ್ನೇ ಅಂದರು. "ಯಾರೂ ಬ್ಯಾಡ ಅಂದಿಲ್ಲ."

"ಹಂಗಂತ ದೇವರನ್ನ ತಗದ್ರ? ಮಕ್ಕಳಿಗೆ ವಿದ್ಯಾ ಬರಬೇಕಲ್ರಿ?"

ಅವರು ಅಂಗಿಯೊಳಗೆ ಎದೆಯ ಮೇಲಿದ್ದ ಲಿಂಗವನ್ನು ಮುಟ್ಟಿ ತೋರಿಸಿದರು. "ನನ್ನ ದೇವರು ಇಲ್ಲಿ ಅದಾನ. ನಿನ್ನವರು ಜಗಲಿ ಮ್ಯಾಲ ಅದಾರ. ಊರಿನವರು ಗುಡ್ಯಾಗ ಅದಾರ. ಸರಕಾರದ ಗ್ವಾಡಿಗೆ ಯಾಕ ಬೇಕು ಹೇಳು? ಅಲ್ಲಿ ಒಬ್ಬಾಕಿ ಒಳಗ ಬಂದ್ಲು, ಅಷ್ಟು ಮಕ್ಕಳು ಹೊರಗ ಹ್ವಾದ್ವು."

ನಾನು ಸಿಟ್ಟಿನಿಂದಲೇ ಅವಳನ್ನು ಜಗಲಿಯ ಮೇಲೆ ಇಟ್ಟೆ. ಆದರೆ ಇಟ್ಟ ಮೇಲೆ ದೀಪ ಹಚ್ಚದೆ ಇರಲಾಗಲಿಲ್ಲ.

*

ಗೌಡರು ಮರುದಿನವೇ ಬಂದರು. ಒಳಗೆ ಬರದೆ ಅಂಗಳದಲ್ಲೇ ನಿಂತು ಗುಡುಗಿದರು.

"ಮಾಸ್ತರ! ನನ್ನ ದೇವರನ್ನ ಸಾಲಿ ಬಿಟ್ಟು ಹೊರಗ ಹಾಕಿದ್ರಂತ?"

"ಹೊರಗ ಹಾಕಿಲ್ರಿ ಗೌಡ್ರ. ನನ್ನ ಮನಿಗೆ ಕರಕೊಂಡು ಬಂದೇನಿ. ಬರ್ರಿ, ನೋಡ್ರಿ."

ಗೌಡರು ಬಾಗಿಲಿಂದ ಬಗ್ಗಿ ನೋಡಿದರು. ಜಗಲಿಯ ಮೇಲೆ ಸರಸ್ವತಿಗೆ ನಾನು ಮಲ್ಲಿಗೆ ಏರಿಸಿದ್ದೆ. ಅವರಿಗೆ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. "ಮಾತಿನ್ಯಾಗ ನಿಮ್ಮನ್ನ ಗೆಲ್ಲಾಕ ನಮ್ಮಪ್ಪಗೂ ಆಗೂದಿಲ್ಲ. ಗೋಕಾಕಕ್ಕ ಅರ್ಜಿ ಹೋಗತೈತಿ ನೋಡ್ರಿ ಮತ್ತ," ಎಂದು ಹೇಳಿ ಹೋದರು. ಹೇಳಿದಂತೆ ಶಿಕ್ಷಣ ಇಲಾಖೆಯ ಸಾಹೇಬರಿಗೆ ಅರ್ಜಿ ಹಾಕಿದರು.

ಅಷ್ಟರಲ್ಲಿ ಆ ಖಾಲಿ ಮಾಡದ್ದೇ ಒಂದು ಕಥೆಯಾಯಿತು. ನಮ್ಮಲ್ಲಿ ಮಾಡವನ್ನು ಬರಿದಾಗಿ ಬಿಡುವುದಿಲ್ಲ. ಯಾರೋ ತಾಯಂದಿರು ಮಕ್ಕಳ ಕೈಯಲ್ಲಿ ಹೂವು ಕೊಟ್ಟು ಕಳಿಸಿದರು. ಬರಿ ಮಾಡಕ್ಕೇ ಹೂವು ಬಿತ್ತು, ಬರಿ ಮಾಡಕ್ಕೇ ಮಕ್ಕಳು ಕೈ ಮುಗಿದರು. ಇವರು ಅದರಲ್ಲಿ ಹಲಗೆಗೆ ಬರೆಯುವ ಖಡುವಿನ ಡಬ್ಬಿ ಇಟ್ಟರು. ಎರಡು ದಿನಕ್ಕೆ ಡಬ್ಬಿಗೆ ಕುಂಕುಮ ಬಂತು. ಡಬ್ಬಿ ತೆಗೆದು, ಇಲಾಖೆಯಿಂದ ಬಂದಿದ್ದ ಪೃಥ್ವಿಗೋಲ ಇಟ್ಟರು. ಅದಕ್ಕೆ ಯಾರೋ ಮೂರು ಬೆರಳಿನ ವಿಭೂತಿ ಎಳೆದರು. ವಿಭೂತಿ ಧರಿಸಿದ ಭೂಮಿಯನ್ನು ತಂದು ಇವರು ನನಗೆ ತೋರಿಸಿದರು. ನಾವಿಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ಈಗಲೂ ಅವರ ಆ ನಗು ಕಿವಿಯಲ್ಲಿದೆ.

ಆದರೆ ಪ್ರತಿ ಸಲವೂ ಹೀಗೇ ಆಗುತ್ತಿತ್ತು: ಮಾಡಕ್ಕೆ ಹೂವು ಬಿದ್ದ ದಿನ ಕೇರಿಯ ಮಕ್ಕಳು ಬಾಗಿಲ ಹೊರಗೆ. ಹೂವು ತೆಗೆದರೆ ಒಂದೊಂದೇ ಹೆಜ್ಜೆ ಒಳಗೆ.

ಕೇರಿಯ ಅಜ್ಜ ಒಂದು ದಿನ ನಮ್ಮ ಮನೆಯ ಮುಂದಿನ ಕಟ್ಟೆಗೆ ಬಂದು ಕೂತ. ಹಿಂದಿನ ವರ್ಷವಷ್ಟೇ ಅವನ ಮನೆಯವರೆಲ್ಲ ಬುದ್ಧನ ಧರ್ಮಕ್ಕೆ ಸೇರಿದ್ದರು. "ಮಾಸ್ತರ, ನನ್ನ ಮಗಾ ಮುಂಬೈದಿಂದ ಬುದ್ಧನ ಚಿತ್ರ ತಂದಾನ. ಅವರ ದೇವರನ್ನ ಇಡೂದಾದ್ರ ನಮ್ಮ ಬುದ್ಧನ್ನೂ ಬಾಜೂಕ ಇಡ್ರಿ. ಕಲ್ಲು ನಾವೂ ಹೊತ್ತೇವಿ."

"ಇಟ್ಟೆ ಅನ್ನು ಅಜ್ಜಾ," ಅಂದರು ಇವರು. "ಆಗ ಗೌಡರ ಮಕ್ಕಳು ಹೊರಗ ಕುಂಡ್ರತಾವು."

ಅಜ್ಜ ಬೊಚ್ಚು ಬಾಯಿ ತೆರೆದು ನಕ್ಕ. "ಅದೂ ಒಂದಿನ ಆಗಲಿ ಬಿಡ್ರಿ, ನೋಡೂಣು!" ನಗು ಮುಗಿದ ಮೇಲೆ ತಾನೇ ತಲೆ ಅಲ್ಲಾಡಿಸಿದ. "ಬ್ಯಾಡ ಬ್ಯಾಡ. ಹೊರಗ ಕುಂತ್ರ ಹೆಂಗಿರತೈತಿ ಅನ್ನೂದು ನಮಗ ಗೊತ್ತೈತಿ. ಯಾರದೂ ಬ್ಯಾಡ ಹಂಗಾರ. ಖರೆ, ಯಾರದೂ ಅಂದ್ರ ಯಾರದೂ ಬ್ಯಾಡ ಮತ್ತ."

ಗೋಕಾಕದಿಂದ ಕರೆ ಬಂತು. ಇವರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹೋದರು. ಸಂಜೆಯ ತನಕ ನಾನು ಸರಸ್ವತಿಯ ಮುಂದೆ ಕೂತಿದ್ದೆ. ಇವರ ನೌಕರಿ ಹೋಗದಿರಲಿ ಎಂದು ಬೇಡಿಕೊಂಡದ್ದೂ ಅವಳನ್ನೇ. ಅವಳಿಂದಲೇ ಬಂದ ಕಷ್ಟವನ್ನು ಅವಳಿಗೇ ಹೇಳಿಕೊಂಡೆ. ಕತ್ತಲಾಗುವ ಹೊತ್ತಿಗೆ ಇವರು ಬಂದರು. ಕೈಯಲ್ಲಿ ಕರದಂಟಿನ ಪೊಟ್ಟಣ ಇತ್ತು. ಅದನ್ನು ಕಂಡ ಮೇಲೆ ನನಗೆ ಉಸಿರು ಬಂತು.

ಸಾಹೇಬರ ಕುರ್ಚಿಯ ಹಿಂದೆ, ತಲೆಗೆ ಸರಿಯಾಗಿ, ಲಕ್ಷ್ಮಿಯ ದೊಡ್ಡ ಚಿತ್ರ ಇತ್ತಂತೆ. ಮಾಲೆ, ಊದಿನಕಡ್ಡಿ ಎಲ್ಲ. ಸಾಹೇಬರು ಅದನ್ನೇ ತೋರಿಸಿ ಕೇಳಿದರಂತೆ. "ಸರಕಾರದ ಗ್ವಾಡಿಗೆ ದೇವರು ಬ್ಯಾಡ ಅಂತೀರಿ. ಇದೂ ಸರಕಾರದ ಗ್ವಾಡೀನ. ಇದಕ್ಕೇನಂತೀರಿ?"

"ನಿಮ್ಮ ದೇವರಿಂದ ಯಾರೂ ಬಾಗಲದ ಹೊರಗ ಕುಂತಿಲ್ರಿ ಸಾಹೇಬ್ರ."

"ಯಾಕ, ಕಚೇರಿ ಪಟ್ಟೇವಾಲಾ ಕುಂತಾನಲ್ಲ?"

"ಅಂವಗ ಕುಂಡ್ರಾಕ ಪಗಾರ ಐತ್ರಿ."

ಸಾಹೇಬರು ನಕ್ಕರಂತೆ. ನಕ್ಕಿದ್ದರಿಂದ ಇವರು ಬಚಾವಾದರು. ಕೊನೆಗೆ, "ನೋಡ್ರಿ ಮಾಸ್ತರ, ತುಂಬಿದರೂ ಜಗಳ, ಬರಿದ ಬಿಟ್ಟರೂ ಜಗಳ. ಆ ಮಾಡಾನ ಮುಚ್ಚಿಸಿಬಿಡ್ರಿ," ಎಂದು ಹೇಳಿ ಕಳಿಸಿದರು.

ಇವರು ಗೌಂಡಿಯನ್ನು ಕರೆಸಿದರು. ಅವನು ನಮ್ಮ ಪಡಸಾಲೆಯಲ್ಲಿ ಕೂತು ಎರಡೂ ಕಿವಿ ಮುಟ್ಟಿಕೊಂಡ. "ಎಲ್ಲಾ ಮಾಡತೇನ್ರಿ. ಕಟ್ಟಿದ ದೇವರ ಮಾಡ ಮುಚ್ಚೂದು ಮಾತ್ರ ನನ್ನ ಕೈಲೆ ಆಗೂದಿಲ್ಲ. ನನ್ನ ಮನಿ ದೀಪ ಆರತೈತಿ." ಬೇರೆ ಗೌಂಡಿಯನ್ನು ಕೇಳಿದರೂ ಇದೇ ಮಾತು ಬರುತ್ತದೆ ಅಂದ.

ನಾನು ಚಹಾ ಕೊಡಲು ಬಂದೆ. ನಮ್ಮ ಬಾಡಿಗೆ ಮನೆಯ ಅಡಿಗೆಮನೆ ಹಗಲಲ್ಲೂ ಕತ್ತಲು. ಒಂದು ಕಿಂಡಿ ತೆರೆಸಿಕೊಡಿ ಎಂದು ನಾನು ಬಂದ ದಿನದಿಂದ ಇವರ ಬೆನ್ನು ಹತ್ತಿದ್ದೆ. ಗೌಂಡಿ ಹೇಗೂ ಸಿಕ್ಕಿದ್ದಾನೆ ಎಂದು, "ಮುಚ್ಚೂದು ಆಗದಿದ್ರ ಬಿಡು. ನಮ್ಮ ಅಡಗಿಮನ್ಯಾಗೂ ಒಂದು ಮಾಡ ಐತಿ, ಅದರ ಹಿಂದಿನ ಕಲ್ಲು ಕಿತ್ತು ಕಿಂಡಿ ಮಾಡಿಕೊಡು. ಹೊಗಿಯಾಗ ಸತ್ತೇನಿ," ಅಂದೆ.

ಇವರು ಬಸಿಯನ್ನು ಬಾಯಿಯ ಹತ್ತಿರ ಹಿಡಿದವರು ಹಾಗೇ ನನ್ನನ್ನು ನೋಡಿದರು. ಗೌಂಡಿಯ ಕಡೆ ತಿರುಗಿದರು. "ಮುಚ್ಚಾಕ ಬರೂದಿಲ್ಲ. ತೆರಿಯಾಕ ಬರತೈತೇನು?"

"ತೆರಿಯಾಕ ಏನು ದ್ವಾಷ ಐತ್ರಿ? ಬೆಳಕ ಬರತೈತಿ."

ಮರುದಿನವೇ ಸಾಲಿಯ ಮಾಡದ ಹಿಂದಿನ ಕಲ್ಲುಗಳನ್ನು ಕಿತ್ತರು. ಕಮಾನು ಹಾಗೇ ಉಳಿಯಿತು. ಆಚೆಗೆ ಜೋಳದ ಹೊಲ ಕಂಡಿತು. ಗೌಡರು ಮತ್ತೆ ಜಗಳಕ್ಕೆ ಬಂದರು. ಬೆಳಗಿನ ಹೊತ್ತು. ಸೂರ್ಯ ಆಗಷ್ಟೇ ಹೊಲದ ಮೇಲೆ ಎದ್ದಿದ್ದ. ಕಿಂಡಿಯಿಂದ ಬಿಸಿಲು ಬಂದು ಎದುರು ಗೋಡೆಯ ಮೇಲೆ, ಕಮಾನಿನ ಆಕಾರದಲ್ಲೇ ಬಿದ್ದಿತ್ತು. ಗೌಡರು ನಡುವೆ ನಿಂತರು. ಅವರ ರುಮಾಲಿನ ಮೇಲೆ ಬಿಸಿಲು ಬಿತ್ತು. ಅಭ್ಯಾಸದಂತೆ ಎರಡೂ ಕೈ ಎತ್ತಿ ಮುಗಿದರು. ಮುಗಿದ ಮೇಲೆ ತಾವು ಮಾಡಿದ್ದು ಗೊತ್ತಾಗಿ ಇವರ ಕಡೆ ನೋಡಿದರು.

"ಇವನೊಬ್ಬನ್ನ ತಗಿ ಅನ್ನಾಕ ಯಾವ ಮಾಸ್ತರಗೂ ಆಗೂದಿಲ್ಲ ಬಿಡು," ಅಂದರು.

ಕಿಂಡಿಯಲ್ಲಿ ಹೂವು ನಿಲ್ಲುತ್ತಿರಲಿಲ್ಲ. ಗಾಳಿ ಹಾರಿಸಿಬಿಡುತ್ತಿತ್ತು. ಕೇರಿಯ ಮಕ್ಕಳು ಒಳಗೆ ಬಂದು ಕೂತರು. ಮೊದಲು ಹಿಂದೆ, ಬಾಗಿಲ ಹತ್ತಿರ. ಚಳಿ ಬಂತು. ಬಿಸಿಲು ಬೀಳುವ ಜಾಗಕ್ಕೆ ಎಲ್ಲ ಮಕ್ಕಳೂ ಮುಗಿಬೀಳತೊಡಗಿದರು. ಆ ಜಾಗ ಚಿಕ್ಕದು. ಅಲ್ಲಿ ಯಾರ ಮೊಣಕೈ ಯಾರಿಗೆ ತಾಗಿತು ಎಂದು ನೋಡುವಷ್ಟು ಬಿಡುವು ಯಾವ ಮಗುವಿಗೂ ಇರಲಿಲ್ಲ. ಎಲ್ಲ ಸರಿಹೋಯಿತು ಎಂದು ನಾನು ಹೇಳಲಾರೆ. ಕೆಲವು ಮನೆಗಳಲ್ಲಿ ಸಾಲಿಯಿಂದ ಬಂದ ಮಕ್ಕಳಿಗೆ ಮೈಮೇಲೆ ನೀರು ಹೊಯ್ದೇ ಒಳಗೆ ಕರೆಯುತ್ತಿದ್ದರು. ಸಾಲಿಯಲ್ಲಿ ಕುಡಿಯುವ ನೀರಿನ ಹರವಿಗಳು ಎರಡಾಗಿಯೇ ಉಳಿದವು, ಊರ ಮಕ್ಕಳಿಗೊಂದು, ಕೇರಿಯ ಮಕ್ಕಳಿಗೊಂದು. ನಾವು ಇರುವ ತನಕ ಅವನ್ನು ಒಂದು ಮಾಡಲು ಇವರಿಂದ ಆಗಲಿಲ್ಲ. ಅದನ್ನು ಕೊನೆಯ ತನಕ ಹೇಳಿಕೊಳ್ಳುತ್ತಿದ್ದರು.

ಒಂದೆರಡು ವರ್ಷಕ್ಕೆ ಮೂಡಲಗಿಗೆ ವರ್ಗವಾಯಿತು. ನಮ್ಮ ಅಡಿಗೆಮನೆಯ ಕಿಂಡಿಯನ್ನು ತೆರೆಯುವುದು ಆಗಲೇ ಇಲ್ಲ.

*

ಸೋಮವಾರ ಮೊದಲ ಬಸ್ಸಿಗೆ ಹೊರಟೆ. ಫೋಟೋವನ್ನು ಅವರ ಟವೆಲಿನಲ್ಲೇ ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದೆ. ಏನು ಹೇಳಬೇಕೆಂದು ಇನ್ನೂ ತೀರ್ಮಾನಿಸಿರಲಿಲ್ಲ. ನಿಜ ಹೇಳಬೇಕೆಂದರೆ ಮನಸ್ಸು ಕೊಡುವುದರ ಕಡೆಗೇ ವಾಲಿತ್ತು. ಅವರನ್ನು ನಮ್ಮ ಪದ್ಧತಿಯಂತೆ ಮೂಡಲಗಿಯ ಮಣ್ಣಲ್ಲಿ ಕೂಡಿಸಿ ಸಮಾಧಿ ಮಾಡಿದ್ದೆವು. ಆದರೆ ಅವರ ಜೀವ ಇದ್ದದ್ದು ಮೇಲವಂಕಿಯಲ್ಲಿ. ಜ್ವರದಲ್ಲಿ ಬಡಬಡಿಸುವಾಗಲೂ, "ಒಳಗ ಬರ್ರಿ," ಅನ್ನುತ್ತಿದ್ದರು. ಅವರನ್ನು ಅಲ್ಲಿಗೆ ಮುಟ್ಟಿಸುವ ದಾರಿ ಇದೊಂದೇ ಅನಿಸುತ್ತಿತ್ತು. ವರ್ಷಕ್ಕೊಮ್ಮೆಯಾದರೂ ನಾನು ಬಂದು ನೋಡಬಹುದು. ಯಾರೋ ಒಂದು ಮಗು, ಇವರ್ಯಾರು ಎಂದು ಕೇಳಬಹುದು. ಇನ್ನೊಂದು ಮಗು ಹೇಳಬಹುದು.

ಸಾಲಿಯ ಹಿಂದೆ, ಕಿಂಡಿಯ ಕೆಳಗೆ, ಕಲ್ಲುಗಳನ್ನು ಒಟ್ಟಿದ್ದರು. ಗಚ್ಚು ಕಲಸಲು ಮಣ್ಣು ತಂದಿಟ್ಟಿದ್ದರು. ಇಬ್ಬರು ಹುಡುಗರೂ ನಿಂತಿದ್ದರು. ಗೌಡರೂ ಬಂದಿದ್ದರು. ಕೋಲು ಹಿಡಿದು, ಬೆನ್ನು ಬಾಗಿತ್ತು. ನನ್ನನ್ನು ನೋಡಿ, "ಬಾ ತಂಗಿ," ಅಂದರು, ಹೆಗಲ ವಸ್ತ್ರದಿಂದ ಮೂಗು ಒರೆಸಿಕೊಂಡರು. ಅಜ್ಜ ತೀರಿಕೊಂಡು ವರ್ಷಗಳಾಗಿದ್ದವು.

"ಸ್ವಲ್ಪ ಹೊತ್ತು ಒಳಗ ಕುಂಡ್ರತೇನಿ," ಅಂದೆ.

ಹೊಸ ಮಾಸ್ತರರು ಪಾಠ ನಡೆಸಿದ್ದರು. ನಾನು ಹಿಂದಿನ ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಚಳಿ ಇತ್ತು. ಕಿಂಡಿಯ ಬಿಸಿಲು ನೆಲಕ್ಕೆ ಇಳಿದಿತ್ತು. ಮಕ್ಕಳು ಅದರೊಳಗೆ ಒತ್ತಿಕೊಂಡು ಕೂತಿದ್ದರು. ಬಿಸಿಲು ಸರಿದ ಹಾಗೆ ಅವರೂ ಕೂತಲ್ಲೇ ಸರಿಯುತ್ತಿದ್ದರು. ಪಾಟಿಯಿಂದ ಕಣ್ಣೆತ್ತದೆ, ಮಾಸ್ತರರಿಗೂ ಗೊತ್ತಾಗದ ಹಾಗೆ. ಯಾವ ಮಗು ಯಾವ ಕೇರಿಯದು ಎಂದು ನನಗೆ ತಿಳಿಯಲಿಲ್ಲ. ಅಂಚಿನಲ್ಲಿದ್ದ ಒಂದು ಹುಡುಗಿ ಪಕ್ಕದವನನ್ನು ಸೊಂಟದಿಂದ ನೂಕಿ, "ಸರಿಯೋ, ನಿಂದೊಬ್ಬಂದೇನು ಬಿಸಲು?" ಅಂದಳು. ಅವನು ಸರಿದ.

ಫೋಟೋವನ್ನು ಹೊರಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ. ಈ ಬಿಸಿಲನ್ನು ಮುಚ್ಚಿ ಅಲ್ಲಿ ಅವರನ್ನು ಇಟ್ಟರೆ, ಅವರ ಮುಂದೆ ದೀಪ ಹಚ್ಚಿದರೆ, ಅದು ಮತ್ತೆ ಮಾಡವಾಗುತ್ತದೆ. ಆ ದೀಪ ನೋಡಿ ಯಾವುದೋ ಒಂದು ಮಗು, ಯಾರೂ ಹೇಳದೆಯೇ, ಬಾಗಿಲ ಹೊರಗೆ ಕೂತುಬಿಟ್ಟರೆ? ಅವರ ಸಲುವಾಗಿ ಕೂತುಬಿಟ್ಟರೆ? ಫೋಟೋವನ್ನು ಮತ್ತೆ ಟವೆಲಿನಲ್ಲಿ ಸುತ್ತಿದೆ.

ಹೊರಗೆ ಬಂದು ಹೇಳಿದೆ. "ಕಿಂಡಿ ಹಂಗಽ ಇರಲಿ."

ಹುಡುಗರ ಮುಖ ಬಾಡಿತು. ಗೌಡರ ಮಗ, "ಹಂಗಾರ ಬ್ಯಾರೆ ಗ್ವಾಡಿಗೆ ಒಂದು ಮೊಳಿ ಬಡಿದು ಹಾಕತೇವ್ರಿ ಅವ್ವಾರ. ದೀಪ ಬ್ಯಾಡ, ಹೂವೂ ಬ್ಯಾಡ. ಬರೇ ಫೋಟೋ," ಅಂದ.

ಬರೇ ಫೋಟೋ. ಅಲ್ಲೇ ಒಪ್ಪಿಬಿಡುತ್ತಿದ್ದೆ. ಆದರೆ ವಿಭೂತಿ ಧರಿಸಿದ ಪೃಥ್ವಿಗೋಲ ನೆನಪಾಯಿತು. ನಗು ಬಂತು. ಎರಡು ದಿನಕ್ಕೆ ಇವರಿಗೂ ಕುಂಕುಮ ಬರುತ್ತದೆ.

"ಬ್ಯಾಡಪ್ಪ. ಗ್ವಾಡಿ ಸರಕಾರದ್ದು. ನಿಮಗ ಅವರು ಬೇಕಾದ್ರ ನಿಮ್ಮ ಮನಿಗೆ ಕರಕೊಂಡು ಹೋಗ್ರಿ. ಪಡಸಾಲ್ಯಾಗ ಇಟ್ಟುಕೋರಿ, ಜಗಲಿ ಮ್ಯಾಲರ ಇಟ್ಟುಕೋರಿ. ಯಾರಿಗೆ ಬೇಕೋ ಅವರಿಗೆಲ್ಲಾ ಪ್ರತಿ ಮಾಡಿಸಿಕೊಡತೇನಿ."

ಅಜ್ಜನ ಮೊಮ್ಮಗ ನಿಧಾನವಾಗಿ, "ನಮ್ಮ ಮನ್ಯಾಗ ಬುದ್ಧನ ಬಾಜೂಕ ಜಾಗಾ ಐತ್ರಿ," ಅಂದ.

ಗೌಡರು ಕೋಲನ್ನು ನೆಲಕ್ಕೆ ಕುಟ್ಟಿದರು. "ಆ ಮಾಸ್ತರನ ಹೆಂಡತಿ ಖರೆ ನೋಡು ನೀ," ಅಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು. "ನನ್ನ ಸರಸ್ವತಿ ಹೆಂಗದಾಳ?"

"ವೀಣಿ ಬಣ್ಣ ಸ್ವಲ್ಪ ಹೋಗೇತ್ರಿ ಅಣ್ಣಾರ. ದಿನಾ ದೀಪ ಹಚ್ಚತೇನಿ. ಬೇಕಾದ್ರ ತಂದು ಕೊಡತೇನಿ."

"ಇರ್ಲಿ ಬಿಡು. ನಿನಗೂ ಮನ್ಯಾಗ ಯಾರರ ಬೇಕಲ್ಲ."

ಹುಡುಗರು ಬಸ್ಸಿನ ತನಕ ಬಂದರು. ಗೋಕಾಕದಲ್ಲಿ ಫೋಟೋದ ಪ್ರತಿ ಮಾಡಿಸಲು ಇವತ್ತೇ ಕೊಡಿರೆಂದು ಕೇಳಿದರು. ಇವತ್ತೊಂದು ದಿನ ನನ್ನ ಹತ್ತಿರ ಇರಲಿ ಅಂದೆ. ಅವರು ಒತ್ತಾಯ ಮಾಡಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ವರ್ಗವಾಗಿ ಬಂದ ದಿನ ಇದೇ ದಾರಿಯಲ್ಲಿ ಅವರು ಕಿಟಕಿಯ ಪಕ್ಕ ಕೂತಿದ್ದರು. ಸಾಲಿಯ ಹಂಚು ಮರೆಯಾಗುವ ತನಕ ಕತ್ತು ಹೊರಳಿಸಿ ನೋಡಿದ್ದರು. ಬಸ್ಸು ಹೊರಟಿತು. ನಾನು ಟವೆಲು ಬಿಚ್ಚಿ, ಫೋಟೋದ ಮುಖವನ್ನು ಹೊರಗೆ ಮಾಡಿ, ಸಾಲಿ ಕಾಣುವಷ್ಟು ದೂರವೂ ಕಿಟಕಿಗೆ ಹಿಡಿದುಕೊಂಡು ಕೂತೆ.